ಹಳೇ ಕಟ್ಟಡಕ್ಕೆ ಹೊಡೆದ ಬೆಣೆ ನನಗ್ಯಾಕೆ ಇಷ್ಟವಾಯಿತು?

ಪ್ರಶ್ನೆ: ನಮಸ್ಕಾರ ಸರ್. ನಾನು ಮೈಸೂರಿನವನು. ಕೆಲಸದ ಮೇಲೆ ಎರಡು ವರ್ಷದಿಂದ ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದೇನೆ. ಇಲ್ಲೊಂದು ಸೇನಾ ಇತಿಹಾಸದ ಮ್ಯೂಸಿಯಂ ಇದೆ. ಸುಮಾರು ನೂರೈವತ್ತು ವರ್ಷದ ಹಳೇ ಕಟ್ಟಡ. ಅದರ ಮುಖಕ್ಕೇ ಲೋಹ, ಗಾಜು, ಕಾಂಕ್ರೀಟಿನ ಒಂದು ಚೂಪು ತುಂಡನ್ನು ನುಗ್ಗಿಸಿದ್ದಾರೆ. ನೋಡಿದ ಕೂಡಲೇ ಮೈ ಜುಂ ಅಂದಿತು. ತುಂಬಾ ಇಷ್ಟವಾಯಿತು. ನನ್ನ ಮನೆ ಮಾಲೀಕರು, ವಯಸ್ಸಾದವರು, ‘ಚೆನ್ನಾಗಿದ್ದದ್ದನ್ನು ಹಾಳು ಮಾಡಿದರು’ ಅನ್ನುತ್ತಾರೆ. ಯೋಚಿಸಿದರೆ, ನಮ್ಮೂರಿನ ಕಟ್ಟಡಕ್ಕೆ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಮೊದಲು ಬೊಬ್ಬೆ ಹಾಕುತ್ತಿದ್ದೆ. ಹಾಗಾದರೆ ನನಗೆ ಇದು ಇಷ್ಟವಾಗಿದ್ದು ಬರೀ ಶೋಕಿಯಾ? ಇನ್ನೊಂದು ಸಣ್ಣ ವಿಷಯ. ಊರಲ್ಲಿ ಅಜ್ಜನ ಕಾಲದ ಮನೆಯ ತಾರಸಿ ಮೇಲೆ ಗಾಜು, ಉಕ್ಕಿನ ಒಂದು ಮಹಡಿ ಎಬ್ಬಿಸಬೇಕು ಅಂತ ನನ್ನ ತಮ್ಮ ಹೊರಟಿದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ‘ನಮ್ಮೂರಲ್ಲಾಗಿದ್ದರೆ ನಾನೇ ಬೊಬ್ಬೆ ಹಾಕುತ್ತಿದ್ದೆ’ ಅಂತ ಒಪ್ಪಿಕೊಳ್ಳುವವರು ಕಡಿಮೆ. ಹಳೇ ಕಟ್ಟಡಗಳ ದುರಸ್ತಿಯಲ್ಲೇ ನನ್ನ ಕೂದಲು ಬೆಳ್ಳಗಾಗಿದೆ. ಅಷ್ಟಾದರೂ ನನಗೂ ಇದೇ ಇಬ್ಬಂದಿ ಇದೆ. ಊರಾಚೆ ಕಂಡರೆ ಚಪ್ಪಾಳೆ, ಊರೊಳಗೆ ಕಂಡರೆ ತಕರಾರು ಅರ್ಜಿ.

ಶೋಕಿ ಅಂತ ನನಗನ್ನಿಸುವುದಿಲ್ಲ. ಆ ಕಟ್ಟಡವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲನೇ ಸಲ ಬರೀ ಸಿಟ್ಟು ಬಂದಿತ್ತು. ಎರಡನೇ ಸಲ ಒಳಗೆ ಹೋಗಿ, ಮೇಲೆ ಹತ್ತಿ, ಇಳಿದು ಬಂದ ಮೇಲೆ ಸಿಟ್ಟು ಇಳಿಯಿತು. ಯಾಕೆ ಅಂತ ಹೇಳುತ್ತೇನೆ.

ಅದು ಮೊದಲು ಶಸ್ತ್ರಾಗಾರ. 1870ರ ದಶಕದಲ್ಲಿ ಸ್ಯಾಕ್ಸನಿಯ ಸೈನ್ಯಕ್ಕೆ ಅಂತ ಕಟ್ಟಿದ್ದು. ಅದಿರುವ ಆಲ್ಬರ್ಟ್‌ಸ್ಟಾಡ್ಟ್ ಪೂರ್ತಿ ದಂಡಿನ ಪೇಟೆ, ಊರಿನ ಅಂಚಿನಲ್ಲಿತ್ತು. ಶಸ್ತ್ರಾಗಾರ 1897ರಲ್ಲೇ ಮ್ಯೂಸಿಯಂ ಆಯಿತು. ಆಮೇಲೆ ಯಾರ ಸರ್ಕಾರ ಬಂದರೂ ಅವರದೇ ಮ್ಯೂಸಿಯಂ. ರಾಜರ ಕಾಲದಲ್ಲಿ ಸ್ಯಾಕ್ಸನಿ ಸೈನ್ಯದ ಹೆಮ್ಮೆ, ನಾಜಿಗಳ ಕಾಲದಲ್ಲಿ ಅವರ ಹೆಮ್ಮೆ, 1972ರಿಂದ ಪೂರ್ವ ಜರ್ಮನಿಯ ಸೇನೆಯ ಹೆಮ್ಮೆ. ಗೋಡೆ ಅದೇ, ಕಂಬ ಅದೇ, ಒಳಗಿನ ಬೋರ್ಡು ಮಾತ್ರ ಬೇರೆ. 1990ರಲ್ಲಿ ಎರಡು ಜರ್ಮನಿ ಒಂದಾದವು, ಕಟ್ಟಡ ಹೊಸ ಸೇನೆಯ ಕೈಗೆ ಬಂತು. ಆಗ ಅವರ ಮುಂದಿದ್ದ ಪ್ರಶ್ನೆ ಸಣ್ಣದಲ್ಲ. ಎರಡು ಮಹಾಯುದ್ಧ ಸೋತ, ಅದರಲ್ಲೊಂದನ್ನು ತಾನೇ ಹೊತ್ತಿಸಿದ ದೇಶ ತನ್ನ ಸೇನಾ ಮ್ಯೂಸಿಯಂನಲ್ಲಿ ಏನು ತೋರಿಸಬೇಕು? ಫಿರಂಗಿ, ಕತ್ತಿ, ಪದಕ ಸಾಲಾಗಿ ಇಟ್ಟುಬಿಟ್ಟರೆ ಮತ್ತೆ ಹಳೇ ರಾಗವೇ ಅಲ್ವಾ?

2001ರ ವಿನ್ಯಾಸ ಸ್ಪರ್ಧೆಯ ನಂತರ ಈ ಕೆಲಸ ವಾಸ್ತುಶಿಲ್ಪಿ ಡೇನಿಯಲ್ ಲಿಬೆಸ್ಕಿಂಡ್ ಅವರಿಗೆ ಹೋಯಿತು. ಅವರು 1946ರಲ್ಲಿ ಪೋಲೆಂಡಿನ ಊಚ್ ಊರಲ್ಲಿ ಹುಟ್ಟಿದವರು. ತಂದೆ ತಾಯಿ ಯಹೂದಿಗಳು, ನಾಜಿಗಳ ಹತ್ಯಾಕಾಂಡದಿಂದ ಬದುಕುಳಿದವರು. ಅಂಥವರ ಕೈಗೆ ಜರ್ಮನ್ ಶಸ್ತ್ರಾಗಾರದ ಬೀಗದ ಕೈ! ಅವರು ಅದಕ್ಕೊಂದು ಬೆಣೆ ಹೊಡೆದರು. ನಮ್ಮ ಬಡಗಿಗಳು ದಿಮ್ಮಿ ಸೀಳಲು ಹೊಡೆಯುತ್ತಾರಲ್ಲ, ಥೇಟ್ ಅಂಥದ್ದೇ. ಐದು ಅಂತಸ್ತು, ತುದಿ ಸುಮಾರು 30 ಮೀಟರ್ ಎತ್ತರ. ಕಟ್ಟಡದ ನಟ್ಟನಡುವೆಯೂ ಹೊಡೆದಿಲ್ಲ. ಎಡಬಲ ತೂಗುತ್ತಿದ್ದ ಆ ಮುಖದ ಶಿಸ್ತು ಕೆಡಲಿ ಅಂತಲೇ ಸ್ವಲ್ಪ ಪಕ್ಕಕ್ಕೆ ಹೊಡೆದಿದ್ದಾರೆ. 2011ರ ಅಕ್ಟೋಬರ್‌ನಲ್ಲಿ ಮ್ಯೂಸಿಯಂ ಮತ್ತೆ ತೆರೆಯಿತು.

ಈಗ ಆ ಬೆಣೆಯ ತುದಿ ಯಾವ ಕಡೆ ನೋಡುತ್ತದೆ ಅಂತ ಗಮನಿಸಿದ್ದೀರಾ? 1945ರ ಫೆಬ್ರವರಿ 13ರ ರಾತ್ರಿ ಬ್ರಿಟಿಷ್ ವಿಮಾನಗಳು ಡ್ರೆಸ್ಡೆನ್ ಮೇಲೆ ಬಂದಾಗ ಹಳೇ ಊರಿನ ಪಶ್ಚಿಮಕ್ಕಿದ್ದ ಒಂದು ಆಟದ ಮೈದಾನವನ್ನು ಗುರುತು ಇಟ್ಟುಕೊಂಡಿದ್ದವು. ಆ ಗುರುತಿನಿಂದ ವಿಮಾನಗಳು ಬೀಸಣಿಗೆ ಬಿಚ್ಚಿದ ಹಾಗೆ ಹರಡಿಕೊಂಡು ಬಾಂಬು ಹಾಕುತ್ತಾ ಹೋದವು. ಹಾಗಾಗಿ ಮೊದಲು ಸುಟ್ಟುಹೋದ ಊರಿನ ನಕ್ಷೆಯೇ ಒಂದು ಬೆಣೆಯ ಆಕಾರ. ಬಾಂಬು ಬೀಳಲು ಶುರುವಾದ ದಿಕ್ಕಿಗೇ ಮ್ಯೂಸಿಯಂನ ಚೂಪು ಮುಖ ಮಾಡಿದೆ. ಆ ದಾಳಿಯಲ್ಲಿ ಸತ್ತವರು 25,000ದವರೆಗೆ ಅಂತ ಅಲ್ಲಿನ ಇತಿಹಾಸಕಾರರ ಸಮಿತಿ 2010ರಲ್ಲಿ ಲೆಕ್ಕ ಕೊಟ್ಟಿತು. ಊರು ಬೂದಿಯಾಯಿತು. ಊರಾಚೆ ಇದ್ದ ಶಸ್ತ್ರಾಗಾರ ಮಾತ್ರ ಉಳಿಯಿತು! ಯುದ್ಧದ ಸಾಮಾನು ಇಟ್ಟ ಮನೆಗೆ ಏನೂ ಆಗದೆ, ಜನ ಮಲಗಿದ್ದ ಮನೆಗಳು ಉರಿದವು. ಆ ತಪ್ಪಿಸಿಕೊಂಡ ಕಟ್ಟಡಕ್ಕೆ ಅರವತ್ತು ಚಿಲ್ಲರೆ ವರ್ಷದ ಮೇಲೆ ಒಂದು ಗಾಯ ಮಾಡಿದ್ದಾರೆ. ಬೆಣೆಯನ್ನು ನಾನು ಓದಿಕೊಂಡಿರುವುದು ಹೀಗೆ.

ಒಳಗಿನ ವ್ಯವಸ್ಥೆಗೂ ಇದೇ ತರ್ಕ ಇದೆ. ಹಳೇ ಭಾಗದಲ್ಲಿ ಕಂಬಗಳ ಸಾಲು, ತಗ್ಗಿದ ಕಮಾನು. ಅಲ್ಲಿ ಇತಿಹಾಸ ಇಸವಿಯ ಕ್ರಮದಲ್ಲಿ ಸಾಗುತ್ತದೆ: 1300ರಿಂದ 1914, ಅಲ್ಲಿಂದ 1945, ಅಲ್ಲಿಂದ ಇವತ್ತಿನವರೆಗೆ. ಹಳೇ ಮನೆಯ ಶಿಸ್ತಿಗೆ ಅದು ಹೊಂದುತ್ತದೆ. ಆ ಸಾಲಿನಲ್ಲಿ ನಡೆಯುತ್ತಾ ಇದ್ದಕ್ಕಿದ್ದಂತೆ ಬೆಣೆಯೊಳಗೆ ಕಾಲಿಟ್ಟರೆ ಗೋಡೆ ವಾಲುತ್ತದೆ, ಮೇಲೆ ಖಾಲಿ ಜಾಗ ತೆರೆದುಕೊಳ್ಳುತ್ತದೆ, ಇಸವಿಯ ಕ್ರಮ ತಪ್ಪಿಹೋಗುತ್ತದೆ. ಅಲ್ಲಿ ಇಟ್ಟಿರುವುದು ಬೇರೆ ತರಹದ ವಿಷಯ: ಯುದ್ಧ ಮತ್ತು ಮಕ್ಕಳ ಆಟಿಕೆ, ಯುದ್ಧಕ್ಕೆ ಬಳಸಿದ ಪ್ರಾಣಿಗಳು. ಮೇಲಕ್ಕೆ ಹೋದರೆ ಬಾಂಬಿಗೆ ತುತ್ತಾದ ಮೂರು ಊರುಗಳ ನೆನಪು ಒಂದೇ ಕಡೆ ಇದೆ. ಪೋಲೆಂಡಿನ ವಿಯೆಲುನ್, ಹಾಲೆಂಡಿನ ರಾಟರ್‌ಡ್ಯಾಮ್, ಕೊನೆಗೆ ಡ್ರೆಸ್ಡೆನ್. ಮೊದಲ ಎರಡರ ಮೇಲೆ ಬಾಂಬು ಹಾಕಿದ್ದು ಜರ್ಮನ್ ವಿಮಾನಗಳೇ. ಅದನ್ನು ದಾಟಿಕೊಂಡೇ ನೀವು ಊರು ನೋಡಲು ಮಾಡಿದ ಸುಮಾರು 25 ಮೀಟರ್ ಎತ್ತರದ ಕಟ್ಟೆಗೆ ಬರುತ್ತೀರಿ, ಡ್ರೆಸ್ಡೆನ್ ನೋಡುತ್ತೀರಿ. ‘ನಮಗೆ ಹೀಗೆ ಮಾಡಿದರು’ ಅನ್ನುವ ಮಾತು ಗಂಟಲಿಗೆ ಬರುವ ಮೊದಲೇ ‘ನಾವು ಏನು ಮಾಡಿದೆವು’ ಅನ್ನುವುದು ಕಣ್ಣಿಗೆ ಬಿದ್ದಿರುತ್ತದೆ. ಇಂಥ ದಾರಿಯನ್ನು ಹಳೇ ಕಟ್ಟಡ ಒಂದೇ ಕೊಡಲಾರದು. ಬೆಣೆ ಒಂದೇ ಬಯಲಲ್ಲಿ ನಿಂತಿದ್ದರೂ ಕೊಡುತ್ತಿರಲಿಲ್ಲ.

ಹೊಸ ಸೇರ್ಪಡೆ ನೋಡಿದಾಗೆಲ್ಲ ನಾನು ಕೇಳಿಕೊಳ್ಳುವುದು ಇದನ್ನೇ. ಈ ಹೊಸ ತುಂಡನ್ನು ಕಿತ್ತು ಬೇರೊಂದು ಊರಿನ ಬೇರೊಂದು ಹಳೇ ಕಟ್ಟಡಕ್ಕೆ ಅಂಟಿಸಿದರೆ ಹೇಗಿರುತ್ತದೆ? ಏನೂ ಕಳೆದುಹೋಗದಿದ್ದರೆ ಅದು ಬಂದಳಿಕೆ. ಮಾವಿನ ಮರದ ಮೇಲೆ ಹಚ್ಚಗೆ ಕೂತು ಮರದ ರಸ ಹೀರುವ ಗಿಡ. ಕಿತ್ತರೆ ಎರಡೂ ಸಾಯುತ್ತವೆ ಅನ್ನುವ ಹಾಗಿದ್ದರೆ ಅದು ಕಸಿ.

ಇದೇ ಲಿಬೆಸ್ಕಿಂಡ್ ಅವರದೇ ಇನ್ನೊಂದು ಕೆಲಸ ಇಟ್ಟು ನೋಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಕೆನಡಾದ ಟೊರೊಂಟೊದಲ್ಲಿ ರಾಯಲ್ ಒಂಟಾರಿಯೊ ಮ್ಯೂಸಿಯಂ ಇದೆ. ಅಲ್ಲಿ ನಮ್ಮ ಕನ್ನಡದವರು ಜಾಸ್ತಿ, ನಿಮ್ಮ ಸ್ನೇಹಿತರು ಯಾರಾದರೂ ಇದ್ದರೆ ಕೇಳಿ, ಮಕ್ಕಳಿಗೆ ಡೈನೋಸಾರ್ ತೋರಿಸಲು ಹೋಗಿಯೇ ಇರುತ್ತಾರೆ. 1914ರಲ್ಲಿ ತೆರೆದ ಮ್ಯೂಸಿಯಂ, 1933ರಲ್ಲಿ ಇನ್ನೊಂದು ಪಕ್ಕೆ ಸೇರಿತು. ಅದರ ಬ್ಲೂರ್ ರಸ್ತೆ ಕಡೆಗೆ 2007ರಲ್ಲಿ ‘ಕ್ರಿಸ್ಟಲ್’ ಅನ್ನುವ ಭಾರಿ ಸೇರ್ಪಡೆ ಬಂತು. ಹರಳುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಿಂತ ಆಕಾರ. ಮೈಕಲ್ ಲೀ-ಚಿನ್ ಅನ್ನುವ ಉದ್ಯಮಿ 3 ಕೋಟಿ ಡಾಲರ್ ಕೊಟ್ಟರು, ಅವರದೇ ಹೆಸರಿಟ್ಟರು. ಮ್ಯೂಸಿಯಂನ ಖನಿಜದ ಹರಳುಗಳನ್ನು ನೋಡಿ ಹೊಳೆದದ್ದು ಅಂತ ಲಿಬೆಸ್ಕಿಂಡ್ ಹೇಳಿದರು. ಮೊದಲ ಗೆರೆಗಳನ್ನು ಹಾಕಿದ್ದು ಊಟದ ಟೇಬಲ್ಲಿನ ಕಾಗದದ ನ್ಯಾಪ್‌ಕಿನ್‌ಗಳ ಮೇಲೆ.

ಹೊರಗಿನಿಂದ ಅದೂ ಮೈ ಜುಂ ಅನ್ನಿಸುತ್ತದೆ, ನಿಜ. ತೊಂದರೆ ಒಳಗಿದೆ. ಗೋಡೆಗಳೆಲ್ಲ ವಾಲಿಕೊಂಡಿವೆ. ವಾಲಿದ ಗೋಡೆಗೆ ಚಿತ್ರ ನೇತುಹಾಕುವುದು ಹೇಗೆ? ಬೀರು ಒತ್ತಿಡುವುದು ಹೇಗೆ? ಮೂಲೆ ಮೂಲೆಯಲ್ಲಿ ಬಳಸಲಾಗದ ಜಾಗ. ಮೊದಲ ಚಿತ್ರಗಳಲ್ಲಿ ಗಾಜೇ ಗಾಜು ಇತ್ತು. ಕಟ್ಟಿ ಮುಗಿದಾಗ ಗಾಜು ಕಾಲು ಭಾಗ, ಉಳಿದ ಮುಕ್ಕಾಲು ಅಲ್ಯೂಮಿನಿಯಂ. ಹರಳು ಅಂತ ಹೇಳಿದ್ದು ತಗಡಿನ ಪೆಟ್ಟಿಗೆಯಾಯಿತು ಅಂತ ಟೊರೊಂಟೊದವರೇ ಗೊಣಗಿದರು. 2017ರ ಕೊನೆಗೆ ಹಳೇ ಕಟ್ಟಡದ ಮೊದಲಿನ ಬಾಗಿಲನ್ನು ಮತ್ತೆ ತೆರೆದರು. 2024ರಲ್ಲಿ ಮ್ಯೂಸಿಯಂನವರು 13 ಕೋಟಿ ಡಾಲರ್ ಯೋಜನೆ ಹಾಕಿಕೊಂಡು ನೆಲ ಅಂತಸ್ತನ್ನು, ಬ್ಲೂರ್ ರಸ್ತೆ ಕಡೆಯ ಬಾಗಿಲನ್ನು ಬೇರೆ ವಾಸ್ತುಶಿಲ್ಪಿಗಳಿಂದ ತಿದ್ದಿಸಲು ಕೈಹಾಕಿದರು. ಕಟ್ಟಿ ಇಪ್ಪತ್ತು ವರ್ಷ ಆಗಿರಲಿಲ್ಲ.

ಎರಡೂ ಕಡೆ ಕೈ ಒಬ್ಬರದೇ, ಚೂಪು ಅದೇ. ಡ್ರೆಸ್ಡೆನ್‌ನಲ್ಲಿ ಗೋಡೆ ವಾಲಿದ್ದಕ್ಕೆ ಅರ್ಥ ಇದೆ, ಅಲ್ಲಿ ನೀವು ತಬ್ಬಿಬ್ಬಾಗಬೇಕು. ಟೊರೊಂಟೊದಲ್ಲಿ ಡೈನೋಸಾರ್ ಎಲುಬು ನೋಡಲು ಬಂದ ಮಗು ಯಾಕೆ ತಬ್ಬಿಬ್ಬಾಗಬೇಕು? ಅಮೆರಿಕದ ಡೆನ್ವರ್‌ನ ಕಲಾ ಮ್ಯೂಸಿಯಂಗೂ 2006ರಲ್ಲಿ ಇದೇ ನಮೂನೆಯ ಚೂಪು ಕಟ್ಟಡವನ್ನೇ ಕೊಟ್ಟಿದ್ದಾರೆ. ಒಂದು ಊರಿನ ದುಃಖಕ್ಕೆ ಹೊಂದುವ ಆಕಾರ ಇನ್ನೊಂದು ಊರಲ್ಲಿ ಬರೀ ವಾಸ್ತುಶಿಲ್ಪಿಯ ಸಹಿ ಆಗಿಬಿಡುತ್ತದೆ. ದೊಡ್ಡ ಹೆಸರಿನ ವಾಸ್ತುಶಿಲ್ಪಿಗಳನ್ನು ಕರೆಸುವ ಊರುಗಳು ಹೆಚ್ಚಾಗಿ ದುಡ್ಡು ಕೊಡುವುದು ಆ ಸಹಿಗೇ. ಇದು ನನ್ನ ಸ್ವಲ್ಪ ಕಟುವಾದ ಅಭಿಪ್ರಾಯ, ಇರಲಿ.

ನಿಮ್ಮ ಮಾಲೀಕರ ಮಾತಿಗೆ ಬರೋಣ. ಅವರನ್ನು ಹಳೇ ಕಾಲದವರು ಅಂತ ಪಕ್ಕಕ್ಕೆ ತಳ್ಳಬೇಡಿ. ಅವರ ಪರ ಒಂದು ಗಟ್ಟಿ ಕಾಗದ ಇದೆ. ಹಳೇ ಕಟ್ಟಡಗಳ ರಕ್ಷಣೆಗೆ ಜಗತ್ತೆಲ್ಲ ಹಿಡಿದುಕೊಂಡು ಓಡಾಡುವ 1964ರ ವೆನಿಸ್ ಚಾರ್ಟರ್. ಅದರ 9ನೇ ಕಲಮು, ಅನಿವಾರ್ಯವಾಗಿ ಏನಾದರೂ ಹೊಸ ಕೆಲಸ ಮಾಡಿದರೆ ಅದು ಹಳೆಯದರಿಂದ ಬೇರೆಯಾಗಿ ಕಾಣಬೇಕು, ಅದರ ಮೇಲೆ ಈಗಿನ ಕಾಲದ ಗುರುತು ಇರಬೇಕು ಅನ್ನುತ್ತದೆ. ನಮ್ಮಂಥವರು ಇದನ್ನೇ ಹಿಡಿದು ಬೀಗುತ್ತೇವೆ. 13ನೇ ಕಲಮು ಮಾತ್ರ ನಮಗೆ ಅಷ್ಟು ನೆನಪಿರುವುದಿಲ್ಲ. ಕಟ್ಟಡದ ಮುಖ್ಯ ಭಾಗಗಳಿಗೆ, ಅದರ ತೂಕಕ್ಕೆ, ಸುತ್ತಲಿನ ಪರಿಸರಕ್ಕೆ ಕುಂದು ತರುವ ಹಾಗಿದ್ದರೆ ಸೇರ್ಪಡೆಯೇ ಬೇಡ ಅನ್ನುತ್ತದೆ ಅದು. ಅದರ ಪ್ರಕಾರ ಡ್ರೆಸ್ಡೆನ್ ಬೆಣೆ ತಪ್ಪು. ಆ ತಪ್ಪನ್ನು ಬೇಕಂತಲೇ ಮಾಡಿದ್ದಾರೆ, ಯಾಕೆ ಅಂತ ಕಟ್ಟಡವೇ ಹೇಳುತ್ತದೆ, ಅದಕ್ಕೆ ನಾನು ಒಪ್ಪಿದ್ದೇನೆ. ಒಪ್ಪದವರ ವಾದವೂ ಸರಿಯಾಗೇ ಇದೆ.

ಹಾಗೆ ನೋಡಿದರೆ ಮಾಲೀಕರ ಊರು ಹಳೆಯದರ ಬಗ್ಗೆ ಎಷ್ಟೊಂದು ತರಹ ಯೋಚಿಸಿದೆ! ಎಲ್ಬೆ ನದಿ ದಾಟಿ ಹಳೇ ಊರಿಗೆ ಬಂದರೆ ಫ್ರೌಯೆನ್‌ಕಿರ್ಖೆ ಚರ್ಚು. ಬಾಂಬಿನ ಬೆಂಕಿಗೆ ಬೆಂದು 1945ರ ಫೆಬ್ರವರಿ 15ರಂದು ಕುಸಿಯಿತು. ಕಲ್ಲಿನ ಗುಡ್ಡೆ ದಶಕಗಟ್ಟಲೆ ಹಾಗೇ ಬಿದ್ದಿತ್ತು. 1994ರಲ್ಲಿ ಶುರುಮಾಡಿ 2005ರಲ್ಲಿ ಮುಗಿಯುವ ಹಾಗೆ ಅದನ್ನು ಇದ್ದಂತೆಯೇ ಮತ್ತೆ ಕಟ್ಟಿದರು. ಗುಡ್ಡೆಯಿಂದ ಸಾವಿರಾರು ಹಳೇ ಕಲ್ಲು ಆಯ್ದು, ಲೆಕ್ಕ ಇಟ್ಟು, ಸಾಧ್ಯವಾದಲ್ಲಿ ಮೊದಲಿದ್ದ ಜಾಗಕ್ಕೇ ಕೂರಿಸಿದರು. ಗೋಡೆಯಲ್ಲಿ ಅಲ್ಲಲ್ಲಿ ಕಪ್ಪು ಕಲ್ಲು ಕಾಣುತ್ತವಲ್ಲ, ಅವೇ. ಜನ ಅದನ್ನು ಮಸಿ ಅಂದುಕೊಳ್ಳುತ್ತಾರೆ. ಎಲ್ಬೆ ಕಣಿವೆಯ ಮರಳುಗಲ್ಲಿನ ಗುಣವೇ ಹಾಗೆ, ಗಾಳಿ ಮಳೆಗೆ ಬರುಬರುತ್ತಾ ಕಪ್ಪಾಗುತ್ತದೆ. ಈಗ ಬೆಳ್ಳಗಿರುವ ಹೊಸ ಕಲ್ಲೂ ಮುಂದೆ ಕಪ್ಪಾಗುತ್ತದೆ, ಆಗ ಯಾವುದು ಹಳತು ಯಾವುದು ಹೊಸತು ಗೊತ್ತಾಗದು. ಇನ್ನೊಂದು ಕಡೆ ಅದೇ ಊರು ನದಿಗೆ ಅಡ್ಡಲಾಗಿ ಹೊಸ ಸೇತುವೆ ಬೇಕೇ ಬೇಕು ಅಂತ ಹಟ ಹಿಡಿಯಿತು. ಎಲ್ಬೆ ಕಣಿವೆಗೆ 2004ರಲ್ಲಿ ಸಿಕ್ಕಿದ್ದ ಯುನೆಸ್ಕೊ ವಿಶ್ವ ಪರಂಪರೆ ಪಟ್ಟ ಅದರಿಂದಾಗಿ 2009ರಲ್ಲಿ ಹೋಯಿತು. ಸೇತುವೆ ಮೇಲೆ ಈಗ ಟ್ರಾಫಿಕ್ ಓಡುತ್ತಿದೆ.

ಈ ಚರ್ಚನ್ನು ನಾನು ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಮೈಸೂರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿಯಿತು. ದೇವರಾಜ ಮಾರುಕಟ್ಟೆಯದು 2016ರಲ್ಲಿ. ಅಲ್ಲಿಂದ ವರ್ಷಗಟ್ಟಲೆ ವಾದ. ‘ಕೆಡವಿ ಅದೇ ನಮೂನೆಯಲ್ಲಿ ಕಟ್ಟೋಣ’ ಅನ್ನುವವರು ಒಂದು ಕಡೆ, ‘ಇರುವುದನ್ನೇ ದುರಸ್ತಿ ಮಾಡೋಣ’ ಅನ್ನುವವರು ಇನ್ನೊಂದು ಕಡೆ. ಕೆಡವೋಣ ಅನ್ನುವವರು ಯಾರಾದರೂ ‘ಡ್ರೆಸ್ಡೆನ್‌ನಲ್ಲೂ ಹಾಗೇ ಮಾಡಿದ್ದಾರಲ್ಲ’ ಅಂದರೆ ನಂಬಬೇಡಿ. ಅವರು ಬಿದ್ದುಹೋದದ್ದನ್ನು ಎತ್ತಿ ನಿಲ್ಲಿಸಿದರು. ನಿಂತಿರುವುದನ್ನು ಬೀಳಿಸಿ ಅದರ ಪ್ರತಿ ಮಾಡುವುದು ಬೇರೆಯೇ ವ್ಯವಹಾರ.

ಪ್ರತಿ ಮಾಡುವುದರಲ್ಲಿ ನಾವು ಹಳಬರು, ಬಿಡಿ. ಬೆಂಗಳೂರಿನ ವಿಧಾನಸೌಧ ನೋಡಿ. 1956ರಲ್ಲಿ ಮುಗಿಯಿತು. ಎದುರಿಗೆ 1868ರ ಅಠಾರಾ ಕಚೇರಿ, ಈಗಿನ ಹೈಕೋರ್ಟು. ಕೆಂಪು ಬಣ್ಣದ ಆ ಕಂಬಸಾಲಿನ ಎದುರಿಗೇ, ಅದರ ಗೊಡವೆಗೆ ಹೋಗದೆ, ಗ್ರಾನೈಟಿನಲ್ಲಿ ಇಷ್ಟೆತ್ತರ ಕಟ್ಟಿದರಲ್ಲ, ಆ ಕಾಲಕ್ಕೆ ಅದು ಎಂಥ ಧೈರ್ಯ! ಆಮೇಲೆ 2005ರಲ್ಲಿ ಪಕ್ಕದಲ್ಲಿ ವಿಕಾಸಸೌಧ ಬಂತು. ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ. ಬೈಯಲು ಮನಸ್ಸು ಬರುವುದಿಲ್ಲ, ನೋಡಲು ನಿಲ್ಲಬೇಕು ಅಂತಲೂ ಅನ್ನಿಸುವುದಿಲ್ಲ. ಅದೇ ಊರಿನ ಅರಮನೆ ರಸ್ತೆಯಲ್ಲಿ ಮಾಣಿಕ್ಯವೇಲು ಮ್ಯಾನ್ಶನ್ ಇದೆ. 2009ರಲ್ಲಿ ಅದನ್ನು ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಮಾಡಿದಾಗ ಹಿಂದುಗಡೆ ಹೊಸ ಕಟ್ಟಡ ಸೇರಿಸಿದರು. ಮರಗಳ ನಡುವೆ ಹಳೇ ಮನೆ ಮುಂದೆ, ಹೊಸದು ಅದರ ಬೆನ್ನಿಗೆ. ಈ ಸಲ ಊರಿಗೆ ಬಂದಾಗ ಒಂದು ಸಂಜೆ ಹೋಗಿ ಬನ್ನಿ.

‘ನಮ್ಮೂರಲ್ಲಾಗಿದ್ದರೆ ಬೊಬ್ಬೆ ಹಾಕುತ್ತಿದ್ದೆ’ ಅಂದಿರಲ್ಲ. ನೀವು ಬೇಲೂರಿಗೆ ಎಷ್ಟು ಸಲ ಹೋಗಿದ್ದೀರಿ? ಶಾಲೆಯ ಪ್ರವಾಸ, ಮನೆಯವರ ಜೊತೆ ಒಂದೆರಡು ಸಲ. ಯಾವತ್ತಾದರೂ ಬೊಬ್ಬೆ ಹಾಕಿದ್ದೀರಾ? ಚೆನ್ನಕೇಶವ ದೇವಸ್ಥಾನ 1117ರದ್ದು, ವಿಷ್ಣುವರ್ಧನನ ಕಾಲ. ಬಳಪದ ಕಲ್ಲು, ನೆಲಕ್ಕೆ ಒತ್ತಿಕೊಂಡ ಹಾಗೆ ತಗ್ಗು, ನಕ್ಷತ್ರದಂತೆ ಮಡಿಕೆ ಮಡಿಕೆ, ಬೆರಳು ಇಡಲೂ ಖಾಲಿ ಜಾಗವಿಲ್ಲದ ಕೆತ್ತನೆ. ಅದಕ್ಕೆ ಹೋಗುವ ಬಾಗಿಲಲ್ಲಿ ಏನಿದೆ? ಎತ್ತರದ ಗೋಪುರ. ತಮಿಳು ಸೀಮೆಯ ಕಡೆಯಿಂದ ಬಂದ ನಮೂನೆ. ಕೆಳಗೆ ಗಟ್ಟಿ ಕಲ್ಲು, ಮೇಲೆ ಇಟ್ಟಿಗೆ, ಗಾರೆ. ಹಳೇ ಗೋಪುರ ತುಘಲಕರ ದಾಳಿಯಲ್ಲಿ ಸುಟ್ಟುಹೋಗಿತ್ತು. ವಿಜಯನಗರದ ಎರಡನೇ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಹೊಸದಾಗಿ ಎತ್ತಿಸಿದ. ಹೊಯ್ಸಳರ ಹಾಗೆ ಕಾಣಲಿ ಅಂತ ಅವನು ತಲೆ ಕೆಡಿಸಿಕೊಂಡಿಲ್ಲ. ತನ್ನ ಕಾಲದ್ದನ್ನು, ತನ್ನ ರಾಜ್ಯದ್ದನ್ನು, ದೇವಸ್ಥಾನಕ್ಕಿಂತ ಎತ್ತರಕ್ಕೆ ಕಟ್ಟಿದ. 280 ವರ್ಷದ ಹಳೇ ಕಟ್ಟಡಕ್ಕೆ ಪೂರ್ತಿ ಬೇರೆ ಕಲ್ಲು, ಬೇರೆ ಶೈಲಿ, ಬೇರೆ ಅಳತೆಯ ಸೇರ್ಪಡೆ. ನಿಮ್ಮ ಡ್ರೆಸ್ಡೆನ್ ಬೆಣೆಗೂ ಇದಕ್ಕೂ ಧೈರ್ಯದಲ್ಲಿ ಏನೂ ವ್ಯತ್ಯಾಸ ಇಲ್ಲ. ಈಗಿನ ಕಾನೂನಿನಲ್ಲಾಗಿದ್ದರೆ ಪಾಪ ಗುಂಡನಿಗೆ ಅನುಮತಿಯೇ ಸಿಗುತ್ತಿರಲಿಲ್ಲ. ಕೇಂದ್ರ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದು ಕಟ್ಟುವ ಹಾಗಿಲ್ಲ, ಅದರಾಚೆಯ 200 ಮೀಟರ್‌ಗೂ ಒಪ್ಪಿಗೆ ಬೇಕು.

ಗೋಪುರ ಯಾಕೆ ಹೊಂದಿಕೊಂಡಿದೆ ಅಂತ ನಾನು ತುಂಬಾ ಸಲ ಅಲ್ಲಿ ನಿಂತು ಯೋಚಿಸಿದ್ದೇನೆ. ಆರು ಶತಮಾನದ ಅಭ್ಯಾಸ ಒಂದು ಕಾರಣ, ಸರಿ. ಅದಕ್ಕಿಂತ ದೊಡ್ಡದು, ಅದು ನಿಂತ ಜಾಗ. ದೇವಸ್ಥಾನದ ಮೈಗೆ ಅಂಟಿಲ್ಲ, ಪ್ರಾಕಾರದ ಬಾಗಿಲಲ್ಲಿ ನಿಂತಿದೆ. ಎತ್ತರದ ಬಾಗಿಲ ನೆರಳಿನಿಂದ ಬಿಸಿಲಿನ ಅಂಗಳಕ್ಕೆ ಬಂದಾಗ ಆ ತಗ್ಗು ಗುಡಿ ಮತ್ತೂ ತಗ್ಗಾಗಿ, ಮತ್ತೂ ನಾಜೂಕಾಗಿ ಕಾಣುತ್ತದೆ. ಊರಿಗೆ ದೂರದಿಂದ ದಾರಿ ತೋರಿಸುವ ಕೆಲಸ ಗೋಪುರದ್ದು, ಹತ್ತಿರ ಬಂದವರನ್ನು ನಿಲ್ಲಿಸುವ ಕೆಲಸ ಗುಡಿಯದ್ದು.

ಪ್ಯಾರಿಸ್ಸಿನ ಲೂವ್ರ್, ಅಂದರೆ ಮ್ಯೂಸಿಯಂ ಆದ ಹಳೇ ಅರಮನೆ, ಅದರ ಅಂಗಳದ ಗಾಜಿನ ಪಿರಮಿಡ್ಡೂ ಗೆದ್ದದ್ದು ಹೀಗೇ. 1989ರಲ್ಲಿ ತೆರೆದಾಗ ಊರೇ ಬೈದಿತ್ತು. ಅದನ್ನು ಮಾಡಿದ ವಾಸ್ತುಶಿಲ್ಪಿ ಐ. ಎಂ. ಪೇ ಅವರ ತಲೆಯಲ್ಲಿದ್ದುದು ಬಾಗಿಲಿನ ಸಮಸ್ಯೆ. ಅಷ್ಟು ದೊಡ್ಡ ಅರಮನೆಗೆ ಸರಿಯಾದ ಒಂದು ಬಾಗಿಲಿರಲಿಲ್ಲ. ಬಾಗಿಲನ್ನು ಅಂಗಳದ ನಡುವೆ ನೆಲದಡಿಗೆ ಇಳಿಸಿ, ಅದರ ಮೇಲೆ 21 ಮೀಟರ್‌ನಷ್ಟು ಎತ್ತರದ ಗಾಜಿನ ಗೋಪುರ ಇಟ್ಟರು. ಮಾಮೂಲಿ ಗಾಜಿಗೆ ಹಸಿರು ಛಾಯೆ ಇರುತ್ತದಲ್ಲ, ಅದರ ಹಿಂದೆ ಅರಮನೆಯ ಕಲ್ಲು ಬಣ್ಣಗೆಟ್ಟು ಕಾಣಬಾರದು ಅಂತ ಬಣ್ಣವೇ ಇಲ್ಲದ ಗಾಜನ್ನು ಹೇಳಿ ಮಾಡಿಸಿದರು. ಧೈರ್ಯ ಅಂದರೆ ನನಗೆ ಆ ಗಾಜಿನ ಹಟವೇ ಮೊದಲು ನೆನಪಾಗುತ್ತದೆ.

ಇನ್ನು ನಿಮ್ಮ ತಮ್ಮನ ಮಹಡಿ. ಇಲ್ಲಿ ನಾನು ಕವಿತೆ ಹೇಳುವುದಿಲ್ಲ. ಬೇಡ ಅಂತ ಹೇಳಿ.

ಅಜ್ಜನ ಕಾಲದ ಮನೆ ಅಂದಿರಿ. ಮೈಸೂರಲ್ಲಿ ಆ ಕಾಲದ ಮನೆ ಅಂದರೆ ಹೆಚ್ಚಾಗಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಕೆಲವು ಕಡೆ ಒಳಗೆ ಬರೀ ಮಣ್ಣು. ಮೇಲೆ ಮದ್ರಾಸ್ ತಾರಸಿ. ಮರದ ತೊಲೆ, ಅದರ ಮೇಲೆ ಜಂತೆ, ಜಂತೆ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಪದರ. ಹಪ್ಪಳ ಒಣಹಾಕಲು, ಬೇಸಿಗೆ ರಾತ್ರಿ ಮಲಗಲು ಮಾಡಿದ ತಾರಸಿ ಅದು. ಉಕ್ಕಿನ ಕಂಬ ನಿಲ್ಲಿಸಿದರೆ ಭಾರವೆಲ್ಲ ಒಂದೊಂದು ಬಿಂದುವಿನ ಮೇಲೆ ಬೀಳುತ್ತದೆ. ಹಳೇ ಗೋಡೆ ಉದ್ದಕ್ಕೂ ಹಂಚಿದ ಭಾರ ಹೊರುತ್ತದೆಯೇ ಹೊರತು ಒಂದೇ ಕಡೆ ಒತ್ತಿದರೆ ಬಿರುಕು ಬಿಡುತ್ತದೆ. ಮೇಸ್ತ್ರಿ ‘ಏನಾಗಲ್ಲ ಸಾರ್’ ಅಂತಾನೆ. ಆಗುವುದು ಎರಡು ಮಳೆಗಾಲ ಕಳೆದ ಮೇಲೆ. ತೊಲೆಯ ತುದಿ ಗೋಡೆಯೊಳಗೆ ಸಿಕ್ಕಿಕೊಂಡಿರುವ ಜಾಗ ಕೊಳೆತಿದೆಯೋ ಇಲ್ಲವೋ ಅನ್ನುವುದನ್ನು ಮೊದಲು ನೋಡಬೇಕು. ಅದನ್ನು ಯಾರೂ ನೋಡುವುದಿಲ್ಲ.

ಗಾಜಿನ ಬಗ್ಗೆ ನನ್ನದೇ ತಪ್ಪು ಹೇಳುತ್ತೇನೆ. ಹಲವು ವರ್ಷದ ಹಿಂದೆ ಒಂದು ಹಳೇ ಬಂಗಲೆಗೆ ಪಡುವಣ ದಿಕ್ಕಿನಲ್ಲಿ ಗಾಜಿನ ಮೆಟ್ಟಿಲು ಮನೆ ಸೇರಿಸಿದೆ. ಯುರೋಪಿನ ಫೋಟೋ ನೋಡಿ ತಲೆಗೇರಿತ್ತು. ಉದ್ಘಾಟನೆಯ ದಿನ ಎಲ್ಲರೂ ಹೊಗಳಿದರು. ಮಾರ್ಚ್ ಬಂತು ನೋಡಿ, ಮಧ್ಯಾಹ್ನ ಮೂರರಿಂದ ಆರರವರೆಗೆ ಅದರಲ್ಲಿ ಕಾಲಿಡಲು ಆಗುತ್ತಿರಲಿಲ್ಲ, ಕುಲುಮೆ. ಈಗ ಅದಕ್ಕೆ ನರ್ಸರಿಯಲ್ಲಿ ಹಾಕುವ ಹಸಿರು ನೆಟ್ ಕಟ್ಟಿದ್ದಾರೆ. ಆ ರಸ್ತೆಯಲ್ಲಿ ನಾನು ಓಡಾಡುವುದಿಲ್ಲ.

ತಮ್ಮನಿಗೆ ನಿಜವಾಗಿಯೂ ಜಾಗ ಬೇಕಿದ್ದರೆ ಹಿತ್ತಲಲ್ಲಿ ಬೇರೆ ಪಾಯ ಹಾಕಿ ಕಟ್ಟಲಿ. ಎಷ್ಟು ಹೊಸ ನಮೂನೆಯದಾದರೂ ಸರಿ, ನನ್ನ ತಕರಾರಿಲ್ಲ. ಹಳೇ ಮನೆ ಎಷ್ಟು ಕುಸಿಯಬೇಕೋ ಅಷ್ಟು ಕುಸಿದು ಕೂತಿದೆ, ಹೊಸದು ಇನ್ನು ಕೂರಬೇಕು. ಎರಡನ್ನೂ ಗಟ್ಟಿಯಾಗಿ ಬೆಸೆದರೆ ಸೇರಿದ ಕಡೆ ಸೀಳುತ್ತದೆ. ನಡುವೆ ಸಂದು ಬಿಡಿ, ಆ ಸಂದನ್ನು ಹಗುರವಾದ ಒಂದು ಮಾಡಿನಿಂದ ಮುಚ್ಚಿ. ಎರಡು ಸೂರು ಸೇರುವ ಜಾಗವೇ ಯಾವತ್ತೂ ಮೊದಲು ಸೋರುವುದು. ಹಳೇ ಸೂರಿನ ನೀರು ಹೊಸ ಗೋಡೆ ಮೇಲೆ ಬೀಳದ ಹಾಗೆ ಮೊದಲೇ ದಾರಿ ಮಾಡಿ. ಇನ್ನೊಂದು, ಸಂಭ್ರಮದಲ್ಲಿ ಹಳೇ ಗೋಡೆಗೆ ಸಿಮೆಂಟ್ ಗಾರೆ ಹೊಡೆಸಬೇಡಿ. ಸುಣ್ಣದ ಗೋಡೆ ಉಸಿರಾಡುತ್ತದೆ, ಒಳಗಿನ ತೇವ ಹೊರಗೆ ಹೋಗಬೇಕು. ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು ನಾಲ್ಕೈದು ವರ್ಷದಲ್ಲಿ ಗಾರೆ ಉಬ್ಬಿ ಉದುರುತ್ತದೆ.

ಈ ವರ್ಷ ಏನೂ ಕಟ್ಟುವುದು ಬೇಡ. ಒಂದು ಪೂರ್ತಿ ಮಳೆಗಾಲ ತಮ್ಮ ಆ ಮನೆಯನ್ನು ಸುಮ್ನೆ ನೋಡಲಿ. ಎಲ್ಲಿ ಸೋರುತ್ತದೆ, ಯಾವ ಬಿರುಕು ಬೆಳೆಯುತ್ತಿದೆ, ಸೀಸದಕಡ್ಡಿಯಲ್ಲಿ ಗೋಡೆ ಮೇಲೆಯೇ ತಾರೀಖು ಬರೆದು ಗುರುತು ಹಾಕಲಿ. ದೀಪಾವಳಿ ಕಳೆದ ಮೇಲೆ ಫೋಟೋ ಕಳಿಸಿ. ತೊಲೆಯ ತುದಿಗಳದ್ದು ಮರೆಯಬೇಡಿ.